ಮಿಲ್ಲಿನಕ್ಕ ತಮ್ಮನಿಗೆ ಹಾಕಿದ ಎಲೆ

ನಮ್ಮ ಮನೆಗೆ ಜಪ್ತಿಗೆಂದು ಬಂದವರು ಯಾರೂ ಸೀನದೆ ಹಿಂದೆ ಹೋದದ್ದಿಲ್ಲ. ಅದು ನನ್ನ ಅತ್ತೆಯ ಏರ್ಪಾಡು. ಗೇಟಿನ ಸದ್ದಾದ ಕೂಡಲೇ ಅವರು ಮಿಲ್ಲಿನ ಕಿಟಿಕಿಯಿಂದ ಇಣುಕುತ್ತಾರೆ. ಬಂದವನ ಕೈಯಲ್ಲಿ ಚೀಲ ಇದ್ದರೆ ಗಿರಾಕಿ. ಬಗಲಲ್ಲಿ ಫೈಲು ಇದ್ದರೆ ಅತ್ತೆಯ ತಮ್ಮ ಸುಧೀರ್ ಮಾವನ ಸಾಲಕ್ಕೆ ಬಂದ ಪೀಡೆ. ಫೈಲು ಕಂಡಿತೋ, ಮಿಲ್ಲಿನ ಬಾಯಿಗೆ ಒಂದು ಗೆರಸೆ ಒಣಮೆಣಸು ಸುರಿದು ಸ್ವಿಚ್ಚು ಹಾಕಿಬಿಡುತ್ತಾರೆ. ಆಮೇಲೆ ಆ ಮನುಷ್ಯ ಕೋರ್ಟಿನವನಾಗಲಿ ಫೈನಾನ್ಸಿನವನಾಗಲಿ, ಕಣ್ಣು ಮೂಗು ಒರೆಸಿಕೊಳ್ಳುತ್ತ ನಮ್ಮ ಅಂಗಳದಲ್ಲಿ ಕುಣಿಯಬೇಕು. ಅತ್ತೆಗೆ ಮಾತ್ರ ಏನೂ ಆಗುವುದಿಲ್ಲ. ಮೆಣಸಿನ ಹುಡಿಯಲ್ಲೇ ಉಸಿರಾಡಿ ಪಳಗಿದ ಮೂಗು ಅದು.

ಅತ್ತೆಯ ಹೆಸರು ಅಕ್ಕು. ನಮ್ಮೂರು ಮೊಗ್ರಾಲಿನಲ್ಲಿ ಹಾಗೆಂದು ಕೇಳಿದರೆ ಯಾರಿಗೂ ತಿಳಿಯದು. ಮಿಲ್ಲಿನಕ್ಕ ಎಂದರೆ ಬಸ್ಸಿನ ಕಂಡಕ್ಟರ್ ಕೂಡ ಇಳಿಯುವ ಜಾಗ ತೋರಿಸುತ್ತಾನೆ. ಹೈವೇ ಅಗಲ ಮಾಡುವಾಗ ನಮ್ಮ ಅಂಗಳದ ಅರ್ಧ ಹೋಯಿತು, ಮಾವಿನ ಮರ ಹೋಯಿತು. ಮನೆಯೂ ಅದಕ್ಕೆ ತಾಗಿದ ಮಿಲ್ಲೂ ಉಳಿದವು. ಅಕ್ಕಿ, ಕೊತ್ತಂಬರಿ, ಮೆಣಸು, ಅರಸಿನ, ಯಾವುದನ್ನು ತಂದರೂ ಅವರು ಹುಡಿ ಮಾಡಿಕೊಡುತ್ತಾರೆ. ಬೈಗುಳ ಪುಕ್ಕಟೆ.

ಆ ಮಿಲ್ಲು ಸುಮ್ಮನೆ ಬಂದದ್ದಲ್ಲ. ಅತ್ತೆಯ ತಾಯಿ ಬೇಗ ತೀರಿಕೊಂಡರು. ಆಗ ತಮ್ಮ ಸುಧೀರ್ ಚಡ್ಡಿ ಹಾಕುವ ಪ್ರಾಯದವನು. ಅತ್ತೆ ಬೀಡಿ ಕಟ್ಟಿ ಅವನನ್ನು ಸಾಕಿದರು, ಓದಿಸಿದರು, ಮದುವೆ ಮಾಡಿದರು. ಅವರ ಗಂಡ ಹೊನ್ನಯ್ಯ ಮೀನಿನ ಲಾರಿ ಓಡಿಸುತ್ತಿದ್ದರು. ಅವರು ಹೋದ ಮೇಲೆ, ಬೀಡಿಯ ಪಿ.ಎಫ್. ಹಣ ಸಾಲದೆ ಕುತ್ತಿಗೆಯ ಸರವನ್ನೂ ಮಾರಿ ಅತ್ತೆ ಈ ಮಿಲ್ಲು ಇಟ್ಟರು. ಅದರಲ್ಲೇ ನನ್ನ ಗಂಡ ವಿಜೇತ್‌ನನ್ನು ಐಟಿಐ ಓದಿಸಿದರು. ಅವನೀಗ ಇಲ್ಲೇ ಕುಂಬಳೆ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ.

ಮಿಲ್ಲು ಇಡುವಾಗ ಅತ್ತೆ ಒಂದು ಬುದ್ಧಿಗೇಡಿ ಕೆಲಸ ಮಾಡಿದರು. ಪಂಚಾಯತಿನ ಲೈಸೆನ್ಸು, ಕರೆಂಟಿನ ಕನೆಕ್ಷನ್ನು ಎರಡನ್ನೂ ತಮ್ಮನ ಹೆಸರಿನಲ್ಲಿ ತೆಗೆದರು. ಯಾಕೆ ಅಂತ ಕೇಳಿದರೆ, "ಹೆಂಗಸಿನ ಹೆಸರು ಎಂತಕ್ಕೆ? ಮನೆಯಲ್ಲಿ ತಮ್ಮ ಇಲ್ವಾ?" ಅನ್ನುತ್ತಿದ್ದರಂತೆ. ನಮ್ಮವರ ಹುಚ್ಚೇ ಹಾಗೆ. ಮನೆ ತಾಯಿಯಿಂದ ಮಗಳಿಗೆ ಬರುತ್ತದೆ, ದೊಡ್ಡಸ್ತಿಕೆ ಮಾತ್ರ ಸೋದರಮಾವನಿಂದ ಸೋದರಳಿಯನಿಗೆ. ದುಡಿಯುವವಳು ಒಬ್ಬಳು, ಬೋರ್ಡಿನಲ್ಲಿ ಹೆಸರು ಇನ್ನೊಬ್ಬನದ್ದು.

ಆ ಇನ್ನೊಬ್ಬನ ವಿಷಯ ಹೇಳುತ್ತೇನೆ. ಸುಧೀರ್ ಮಾವ ಅಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಮೊಬೈಲು, ಬಾಯಿ ತೆರೆದರೆ ಲಕ್ಷ. ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಕೂರಲು ಅವರೇ ಬೇಕು, ಕೆಳಗೆ ಕುರ್ಚಿ ಹಾಕಲು ಅವರು ಬೇಡ. ಮೊಬೈಲ್ ಅಂಗಡಿ ಇಟ್ಟರು, ಮುಚ್ಚಿದರು. ಸಿಗಡಿ ಸಾಕುತ್ತೇನೆಂದು ಕೆರೆ ತೋಡಿಸಿದರು, ಸಿಗಡಿ ಸತ್ತಿತು. ಆಮೇಲೆ ಕಾಸರಗೋಡಿನ ಒಂದು ಫೈನಾನ್ಸಿನಿಂದ ದೊಡ್ಡ ಸಾಲ ಎತ್ತಿ ಕಾರು ತೆಗೆದರು. ಆ ಕಾರು ಯಾವ ವ್ಯಾಪಾರಕ್ಕೆ ಅಂತ ದೇವರಾಣೆ ನನಗೆ ಇವತ್ತಿಗೂ ಗೊತ್ತಿಲ್ಲ. ಸಾಲದ ಕಾಗದದಲ್ಲಿ ವಿಳಾಸ ಬರೆಸಿದ್ದು ನಮ್ಮ ಮನೆಯದ್ದು. ತಾನು ಇದ್ದದ್ದು ಕುಂಬಳೆಯ ಬಾಡಿಗೆ ಮನೆಯಲ್ಲಿ. ಆದರೆ ರೇಷನ್ ಕಾರ್ಡಿನಲ್ಲಿ ಹೆಸರು ಇಲ್ಲಿಯೇ. ಅದನ್ನು ತೆಗೆಸಿಬಿಡಿ ಅಂತ ನಾನು ಮದುವೆಯಾಗಿ ಬಂದ ಹೊಸದರಲ್ಲೇ ಹೇಳಿದ್ದೆ. ಅತ್ತೆ ನನ್ನ ಮೇಲೆ ಎಗರಿ ಬಿದ್ದರು.

"ತಾಯಿಯ ಮನೆಯಿಂದ ಗಂಡಸಿನ ಹೆಸರು ತೆಗೆಯುದಾ? ಅವ ಎಲ್ಲಿ ಬೇಕಾದರೂ ಇರಲಿ, ಅವನ ಮನೆ ಇದೇ. ನಾಳೆ ಸತ್ತರೆ ಅವನಿಗೆ ಎಲೆ ಹಾಕುದು ಎಲ್ಲಿ?"

ಎಲೆ ಅಂದರೆ ಆಷಾಢದ, ನಮ್ಮ ಆಟಿ ತಿಂಗಳ ಅಮಾವಾಸ್ಯೆಯ ಎಲೆ. ಅವತ್ತು ತೀರಿಹೋದವರು, ನಮ್ಮ ಮಾತಿನಲ್ಲಿ ಕುಲೆಗಳು, ಊಟಕ್ಕೆ ಬರುತ್ತಾರೆ. ಒಳಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಕೋಳಿ, ರೊಟ್ಟಿ, ಅನ್ನ ಬಡಿಸಿ, ಬಾಗಿಲು ಎಳೆದು ಎಲ್ಲರೂ ಅಂಗಳಕ್ಕೆ ಇಳಿಯಬೇಕು. ಅವರು ಉಂಡಾಗಿರಬಹುದು ಅನ್ನುವಷ್ಟು ಹೊತ್ತು ಕಾದು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆಯಬೇಕು. ನಮ್ಮ ಮನೆಯ ಕ್ರಮದಲ್ಲಿ ಗಂಡಸಿಗೆ ಎಲೆ ಹಾಕುವುದು ಅವನ ತಾಯಿಯ ಮನೆಯಲ್ಲಿ. ಹೊನ್ನಯ್ಯ ಮಾವನಿಗೆ ಇಲ್ಲಿ ಎಲೆ ಇಲ್ಲ, ಅವರದ್ದು ಅವರ ತಾಯಿಮನೆಯಲ್ಲಿ ಬೀಳುತ್ತದೆ. ಸುಧೀರ್ ಮಾವನಿಗೆ ಅಕ್ಕ ಒಬ್ಬಳೇ. ಈ ಮನೆ ಬಿಟ್ಟರೆ ಅವರಿಗೆ ಬೇರೆಲ್ಲೂ ಎಲೆ ಇಲ್ಲ.

ಕಂತು ನಿಂತಿತು, ಕಾರನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು, ಆದರೂ ಸಾಲ ತೀರಲಿಲ್ಲ. ಒಂದು ದಿನ ಸುಧೀರ್ ಮಾವ ಮಾಯ. ಎರಡು ಮೊಬೈಲೂ ಸ್ವಿಚ್ ಆಫ್. ಅವರ ಹೆಂಡತಿ ಬಾಡಿಗೆ ಮನೆಗೆ ಬೀಗ ಹಾಕಿ ತವರಿಗೆ ಹೋದವಳು, ಕೇಳಿದವರಿಗೆಲ್ಲ "ಅವರ ಅಕ್ಕನ ಹತ್ತಿರ ಕೇಳಿ" ಎಂದು ಕೈತೊಳೆದುಕೊಂಡಳು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಮೊದಲು ಬಂದವನು ಫೈನಾನ್ಸಿನ ಅವಿನಾಶ. ತಲೆಗೆ ಜೆಲ್ಲು, ಕಾಲಿಗೆ ಚೂಪು ಬೂಟು. ಬಾಯಲ್ಲಿ ಬೆಲ್ಲ.

"ಅಮ್ಮಾ, ನಾವೆಲ್ಲ ಒಂದು ಫ್ಯಾಮಿಲಿ ಹಾಗೆ. ಸುಧೀರ್ ಸಾರ್ ಎಲ್ಲಿದ್ದಾರೆ ಹೇಳಿ, ಮಾತಾಡಿ ಮುಗಿಸುವ."

"ಫ್ಯಾಮಿಲಿಯಾದರೆ ಬೂಟು ಹೊರಗೆ ಬಿಚ್ಚು ಮಾರಾಯ. ಸುಧೀರ ಎಲ್ಲಿ ಅಂತ ಗೊತ್ತಾದರೆ ನನಗೂ ಹೇಳು, ನನಗೂ ಅವನಿಗೆ ಎರಡು ಬಿಡುದು ಉಂಟು."

ಅವನು ನಂಬಲಿಲ್ಲ. ಬಚ್ಚಲುಕೋಣೆಯ ಬಾಗಿಲು ನೂಕಿ ನೋಡಿದ, ಮಂಚದ ಅಡಿ ಬಗ್ಗಿ ನೋಡಿದ. ನನ್ನ ಮೈಯೆಲ್ಲ ಉರಿಯಿತು. ಕಂಡವರ ಮನೆಯ ಮಂಚದ ಅಡಿ ಬಗ್ಗಲಿಕ್ಕೆ ಇವನಿಗೆ ಸಂಬಳ! ಅತ್ತೆ ಹಗ್ಗ ತಂದು ಬಾವಿಯ ಹತ್ತಿರ ನಿಂತರು. "ಇಲ್ಲಿ ಒಂದು ನೋಡ್ಲಿಕ್ಕೆ ಬಾಕಿ ಉಂಟು. ಇಳಿ, ಹಗ್ಗ ನಾ ಹಿಡಿತೇನೆ" ಎಂದರು. ಅವನು ಬೈಕು ಹತ್ತಿದ.

ಆಮೇಲೆ ಬಂದವರು ಕೋರ್ಟಿನ ಅಮೀನರು, ಶಿವಪ್ರಸಾದ ಅಂತ. ಹೊಟ್ಟೆ ಮುಂದೆ, ಕೊಡೆ ಬಗಲಲ್ಲಿ, ಮುಖದಲ್ಲಿ ಯಾವಾಗಲೂ ಉಪವಾಸ ಇದ್ದವರ ಸಂಕಟ. ತಾನು ಕಾನೂನು ಬಿಟ್ಟು ಒಂದು ಹೆಜ್ಜೆ ಇಡುವವನಲ್ಲ ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ಇಡಬೇಡಿ, ಗೇಟಿನ ಹೊರಗೇ ಇರಿ ಅಂತ ನಾನು ಮನಸ್ಸಿನಲ್ಲಿ ಹೇಳುತ್ತಿದ್ದೆ. ಮೊದಲ ಸಲ ಅವರು ತಂದ ನೋಟೀಸು ಮಲಯಾಳದಲ್ಲಿತ್ತು.

"ನನಗೆ ಇದು ಓದ್ಲಿಕ್ಕೆ ಬರುದಿಲ್ಲ. ಕಾಸರಗೋಡಿನವರಿಗೆ ಕನ್ನಡದಲ್ಲಿ ಕೊಡ್ಬೇಕು ಅಂತ ಉಂಟಲ್ಲ? ಕನ್ನಡದಲ್ಲಿ ತನ್ನಿ" ಎಂದರು ಅತ್ತೆ.

ಅಮೀನರು ಸೀನುತ್ತ ಹೋದರು. ಕನ್ನಡದ ನೋಟೀಸು ತಯಾರಾಗಿ ಬರಲು ಮಳೆಗಾಲ ಕಳೆದು ಬೇಸಗೆ ಬಂತು. ಅತ್ತೆ ಕನ್ನಡಕ ಹಾಕಿ ಪೂರ್ತಿ ಓದಿದರು. "ಮಲಯಾಳದ್ದೇ ಒಳ್ಳೆದಿತ್ತು" ಎಂದು ಹಿಂದೆ ಕೊಟ್ಟರು.

ನಗಾಡಿದ್ದು ಅಷ್ಟೇ. ಮುಂದಿನ ಸಲ ಅಮೀನರು ಸಾಮಾನು ಬರೆದುಕೊಳ್ಳಲು ಬಂದರು. ಟಿವಿ, ಫ್ರಿಡ್ಜು ವಿಜೇತ್ ತೆಗೆದದ್ದು, ಬಿಲ್ಲು ಇತ್ತು, ಬಿಟ್ಟರು. ಮಿಲ್ಲಿನ ಮುಂದೆ ನಿಂತು, "ಇದು ಯಾರದ್ದು?" ಎಂದು ಕೇಳಿದರು.

"ನನ್ನದು. ಮತ್ತೆ ಯಾರದ್ದು?"

"ಲೈಸೆನ್ಸು, ಕನೆಕ್ಷನ್ನು ಎರಡೂ ಸುಧೀರ್ ಹೆಸರಿನಲ್ಲಿ ಉಂಟಲ್ಲ ಮಿಲ್ಲಿನಕ್ಕ. ರೇಷನ್ ಕಾರ್ಡು ನೋಡಿದರೆ ಅವರು ಇದೇ ಮನೆಯವರು. ನಾನು ಎಂತ ಮಾಡ್ಲಿ?"

ಅತ್ತೆ ಮಿಲ್ಲಿನ ಬದಿಯ ಸ್ಟೂಲಿನಲ್ಲಿ ಕೂತುಬಿಟ್ಟರು. ವಿಜೇತ್ ರಜೆ ಹಾಕಿ ವಕೀಲರ ಹತ್ತಿರ ಹೋದ. ನಮ್ಮದೆಂದು ತೋರಿಸಲು ಕೇಸು ಹಾಕಬಹುದು, ಅದಕ್ಕೆ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಮಿಲ್ಲು ಎತ್ತಿಕೊಂಡು ಹೋದರೆ ಹೋಯಿತು. ಸಾಲಗಾರನೇ ಬಂದು ಅಮೀನರ ಮುಂದೆ ಇದು ನನ್ನದಲ್ಲ ಎಂದು ಬರೆದುಕೊಟ್ಟರೆ ಮಾತ್ರ ಸುಲಭ. ವಕೀಲರು ಹೇಳಿದ್ದು ಇಷ್ಟು.

"ಸುಧೀರ ಬಂದು ಹೇಳ್ಬೇಕಂತೆ" ಎಂದು ಅತ್ತೆ ನಕ್ಕರು. ಅದು ನಗೆಯಲ್ಲ. ಆಮೇಲೆ ನನ್ನ ಹತ್ತಿರ ಹೇಳಿದರು: "ಮಿಲ್ಲು ಹೋದರೆ ನಾನು ಮಗನ ಮುಂದೆ ಕೈಯೊಡ್ಡಬೇಕು. ಅವ ಕೊಡ್ತಾನೆ, ನೀನೂ ಕೊಡ್ತಿ. ಆದರೆ ನನಗೆ ಅದು ಬೇಡ ಯಶ್ಮಿತಾ. ಬೀಡಿ ಕಟ್ಟಿದ ಕೈ ಇದು."

ಹಾಗೆ ಆಟಿ ಬಂತು. ಅಮಾವಾಸ್ಯೆಯ ದಿನ ಮಧ್ಯಾಹ್ನದಿಂದಲೇ ಅಡಿಗೆ. ವಿಜೇತ್‌ಗೆ ಶಿಫ್ಟು, ಮನೆಯಲ್ಲಿ ನಾವಿಬ್ಬರೇ. ಹೊರಗೆ ಜಿಟಿಜಿಟಿ ಮಳೆ. ಅತ್ತೆ ಒಳಕೋಣೆಯಲ್ಲಿ ಎಲೆ ಹಾಕುತ್ತಿದ್ದರು. ಅಜ್ಜಿಗೆ, ತಾಯಿಗೆ, ತಾಯಿಯ ಅಣ್ಣನಿಗೆ. ಅದರಾಚೆಗೆ ಇನ್ನೊಂದು ಹಾಕಿದರು. ಅದಕ್ಕೆ ಕೋಳಿಯ ಕಾಲು, ಈಲಿ ಎನ್ನುವ ಲಿವರು ಹೆಕ್ಕಿ ಹೆಕ್ಕಿ ಬಡಿಸಿದರು.

"ಇದು ಯಾರಿಗೆ ಅತ್ತೆ?"

"ಸುಧೀರನಿಗೆ."

"ಬದುಕಿದವರಿಗೆ ಕುಲೆಯ ಎಲೆ ಹಾಕ್ಲಿಕ್ಕುಂಟಾ? ಅಪಶಕುನ ಅಲ್ವಾ?"

"ಬದುಕಿದ್ದಾನೆ ಅಂತ ನಿನಗೆ ಯಾರು ಹೇಳಿದ್ದು? ವರ್ಷ ಆಯ್ತು, ಒಂದು ಫೋನಿಲ್ಲ. ಸಾಲ ಮಾಡಿದವರು ರೈಲಿಗೆ ತಲೆ ಕೊಡ್ತಾರೆ, ಪೇಪರಿನಲ್ಲಿ ಬರುದಿಲ್ವಾ? ಎಲ್ಲಿಯಾದರೂ ಸತ್ತಿದ್ದರೆ ಇವತ್ತು ಹಸಿದು ಬಂದು ಹಾಗೇ ಹೋಗಬಾರದು." ಅತ್ತೆ ಸೌಟು ಕೆಳಗಿಟ್ಟರು. "ಬದುಕಿದ್ದರೆ ಅವನಿಗೆ ಇದರಿಂದ ಎಂತದೂ ಆಗುದಿಲ್ಲ. ಅಂಥ ಚರ್ಮ ಅದು."

ಆಗಲೇ ಗೇಟಿನ ಸದ್ದು. ಅಮೀನರು, ಅವರ ಹಿಂದೆ ಅವಿನಾಶ, ರಸ್ತೆಯಲ್ಲಿ ಒಂದು ಪಿಕಪ್. ಮಿಲ್ಲು ಎತ್ತಲು ಆರ್ಡರಾಗಿದೆ ಎಂದು ಅಮೀನರು ಕಾಗದ ತೆಗೆದರು. ಅತ್ತೆಯ ಕೈ ಮೆಣಸಿನ ಕಡೆಗೆ ಹೋಗಲಿಲ್ಲ. ಕುಲೆಗಳು ಉಣ್ಣುವಾಗ ಮನೆಯಲ್ಲಿ ಮೆಣಸಿನ ಘಾಟು ಎಬ್ಬಿಸುವ ಹಾಗಿಲ್ಲ.

"ಒಳಗೆ ಕುಲೆಗಳಿಗೆ ಬಡಿಸಿ ಆಗಿದೆ. ಅವರ ಊಟ ಆಗುವವರೆಗೆ ಯಾರೂ ಮನೆಗೆ ಕಾಲಿಡುದು ಬೇಡ" ಎಂದು ಅತ್ತೆ ಬಾಗಿಲು ಎಳೆದುಕೊಂಡು ಅಂಗಳಕ್ಕೆ ಇಳಿದರು. ನಾನೂ ಇಳಿದೆ.

ಅಮೀನರು ಕೊಡೆ ಬಿಡಿಸಿ ತೆಪ್ಪಗೆ ನಿಂತರು. ಕಾನೂನಿಗೆ ಹೆದರುವವರು ಕುಲೆಗೂ ಹೆದರುತ್ತಾರೆ. ಅವಿನಾಶ ಮಾತ್ರ ಆಕಾಶ ನೋಡುತ್ತ ಚಡಪಡಿಸಿದ. "ಸಾರ್, ಸೂರ್ಯ ಮುಳುಗಿದರೆ ಮತ್ತೆ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ವಾ? ಇವರು ಬೇಕಂತಲೇ ಟೈಮ್ ಪಾಸ್ ಮಾಡ್ತಿದ್ದಾರೆ. ಸತ್ತವರು ಊಟ ಮಾಡುದಂತೆ!"

"ನಿನ್ನ ಅಜ್ಜ ಅಜ್ಜಿಗೆ ನಿಮ್ಮ ಮನೆಯಲ್ಲಿ ಹಾಕುದಿಲ್ವಾ?" ಎಂದು ಕೇಳಿದರು ಅತ್ತೆ. ಅವನು ಮೊಬೈಲು ತೆಗೆದು ಒತ್ತತೊಡಗಿದ. ಪಾಪದ ಮುದುಕರು, ಇಂಥವನ ಕೈಯಿಂದ ಉಣ್ಣಬೇಕಲ್ಲ ಎಂದು ನನಗೆ ಅನ್ನಿಸಿತು.

ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಕೆಮ್ಮಿ ಬಾಗಿಲು ತೆರೆದರು. ನಾನು ಅವರ ಬೆನ್ನಿಗೇ ಹೋದೆ. ಒಳಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕೊನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಒಬ್ಬ ಗಂಡಸು ಕೋಳಿಯ ಕಾಲು ಚೀಪುತ್ತಿದ್ದ. ನಾನು ಕಿರುಚಬೇಕು ಅನ್ನುವಷ್ಟರಲ್ಲಿ ಅತ್ತೆ ನನ್ನ ಬಾಯಿ ಅದುಮಿ, ಕಾಲಿನಿಂದಲೇ ಬಾಗಿಲು ಮುಚ್ಚಿದರು.

"ಅಕ್ಕ, ನಾನೇ."

"ಗೊತ್ತಾಯ್ತು. ಸತ್ತವರು ಇಷ್ಟು ಶಬ್ದ ಮಾಡಿ ಉಣ್ಣುದಿಲ್ಲ."

ಸುಧೀರ್ ಮಾವ! ಬಿಳಿ ಅಂಗಿ ಹೋಗಿ ಚೌಕುಳಿ ಅಂಗಿ ಬಂದಿತ್ತು, ಗಡ್ಡ ಬೆಳೆದಿತ್ತು, ನಾಚಿಕೆ ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸುಳ್ಯದ ಒಂದು ಲಾಡ್ಜಿನ ಕೌಂಟರಿನಲ್ಲಿ ಇದ್ದರಂತೆ. ಇವತ್ತು ಅಮಾವಾಸ್ಯೆ ಎಂದು ನೆನಪಾಯಿತಂತೆ. ಬಡಿಸಿದ ಮೇಲೆ ಎಲ್ಲರೂ ಮುಂದಿನ ಅಂಗಳದಲ್ಲಿ ಇರುತ್ತಾರೆ, ಅಡಿಗೆಮನೆಯ ಬಾಗಿಲಿಗೆ ಅಗಳಿ ಹಾಕುವುದಿಲ್ಲ, ಅದೆಲ್ಲ ಅವರಿಗೆ ಗೊತ್ತು.

"ಯಾರಿಗೂ ತೊಂದರೆ ಕೊಡದೆ ಉಂಡು ಹೋಗುವ ಅಂತ ಬಂದೆ ಅಕ್ಕ. ಉಪ್ಪು ಸ್ವಲ್ಪ ಕಮ್ಮಿ ಆಗಿದೆ."

ಥೂ! ಯಾರಿಗೂ ತೊಂದರೆ ಕೊಡದೆಯಂತೆ! ಸತ್ತ ತಾಯಿಯ ಪಂಕ್ತಿಗೆ ಕಳ್ಳನ ಹಾಗೆ ನುಗ್ಗಿ ಉಪ್ಪು ಕಮ್ಮಿ ಅನ್ನುವ ಬಾಯಿಗೆ ಏನು ಹೇಳುವುದು? ಆ ಸೌಟಿನಲ್ಲೇ ಒಂದು ಬಾರಿಸಬೇಕು ಅನ್ನಿಸಿತು ನನಗೆ.

ಅತ್ತೆ ದನಿ ಏರಿಸಲಿಲ್ಲ. "ಹೊರಗೆ ಅಮೀನರು ಇದ್ದಾರೆ. ನಿನ್ನ ಸಾಲಕ್ಕೆ ನನ್ನ ಮಿಲ್ಲು ಎತ್ಲಿಕ್ಕೆ ಬಂದದ್ದು. ಮಿಲ್ಲು ಅಕ್ಕನದ್ದು ಅಂತ ಅವರ ಎದುರು ಒಂದು ಮಾತು ಹೇಳಿ ಬರೆದುಕೊಡು. ಆಮೇಲೆ ಎಲ್ಲಿಗೆ ಬೇಕಾದರೂ ಹೋಗು."

"ಆ ಅವಿನಾಶನೂ ಬಂದಿದ್ದಾನಾ? ಅವರ ಕಣ್ಣಿಗೆ ಬಿದ್ದರೆ ಕೈಗೇ ನೋಟೀಸು ಕೊಟ್ಟುಬಿಡ್ತಾರೆ ಅಕ್ಕ. ಕೋರ್ಟಿಗೆ ಹತ್ತಬೇಕಾಗ್ತದೆ. ನನಗೂ ಮಾನಮರ್ಯಾದೆ ಉಂಟಲ್ಲ. ಮಿಲ್ಲು ಹೋದರೆ ಹೋಗಲಿ, ಹಳೇ ಮಿಲ್ಲು. ಒಂದು ಪಾರ್ಟಿ ಸಿಕ್ಕಿದೆ, ಅದು ಕೈಗೂಡಿದರೆ ನಿನಗೆ ಹೊಸತೇ ತೆಗೆದು ಕೊಡ್ತೇನೆ."

ಸುಧೀರ್ ಮಾವ ಈಲಿಯ ಚೂರು ಬಾಯಿಗೆ ಹಾಕಿಕೊಂಡು ಎಲೆಗಳ ಸಾಲಿನ ಮೇಲೆ ಕಣ್ಣಾಡಿಸಿದರು.

"ಒಂದು ಎಲೆ ಜಾಸ್ತಿ ಉಂಟಲ್ಲ ಅಕ್ಕ. ಇದು ಯಾರದ್ದು? ಹೊಸದಾಗಿ ಯಾರು ಹೋದದ್ದು?"

"ನೀನು."

ಅವರ ಕೈ ಎಲೆಯ ಮೇಲೆಯೇ ನಿಂತಿತು.

"ನಾನು ಬದುಕಿದ್ದೇನಲ್ಲ ಅಕ್ಕ."

"ನನಗೆ ಹೇಳಿದ್ದಿಯಾ? ಒಂದು ಫೋನು ಮಾಡಿದ್ದಿಯಾ? ಎಲ್ಲಿ ಸತ್ತು ಬಿದ್ದಿದ್ದಿಯೋ ಅಂತ ಹೊಟ್ಟೆ ಉರಿದು ಹಾಕಿದ ಎಲೆ ಅದು. ಉಣ್ಣು, ಪೂರ್ತಿ ಉಣ್ಣು."

ಸುಧೀರ್ ಮಾವ ಎದ್ದರು. ಎಂಜಲು ಕೈಯಲ್ಲೇ ಅಡಿಗೆಮನೆಯ ಬಾಗಿಲ ಕಡೆಗೆ ಸರಿದರು. ಅತ್ತೆ ತಡೆಯಲಿಲ್ಲ.

"ಹೋಗು. ಬಂದ ಬಾಗಿಲಿಂದಲೇ ಹೋಗು. ಆದರೆ ಕೇಳಿ ಹೋಗು. ನಾಳೆ ನೀ ನಿಜವಾಗಿ ಸತ್ತರೂ ಈ ಮನೆಯಲ್ಲಿ ನಿನಗೆ ಎಲೆ ಇಲ್ಲ. ನಾನು ಹಾಕುದಿಲ್ಲ. ನಾನು ಹೋದ ಮೇಲೆ ಇವಳೂ ಹಾಕುದಿಲ್ಲ. ಆಟಿಯಲ್ಲಿ ಬಂದು ಅಂಗಳದಲ್ಲಿ ನಿಂತುಕೊ, ಅಮ್ಮ ಉಣ್ಣುದನ್ನು ಹೊರಗಿಂದ ನೋಡು. ಯಶ್ಮಿತಾ, ಕೇಳಿದೆಯಲ್ಲ?"

"ಕೇಳಿದೆ ಅತ್ತೆ. ನಾನು ಹಾಕುದಿಲ್ಲ" ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಸಾಲಕ್ಕೆ ಹೆದರದ, ಹೆಂಡತಿಗೆ ನಾಚದ, ಊರಿಗೆಲ್ಲ ಟೋಪಿ ಹಾಕಿದ ಆ ಮನುಷ್ಯನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಮೊದಲ ಸಲ ನೋಡಿದೆ. ಅವರು ತಾಯಿಯ ಎಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ನನ್ನನ್ನು ದಾಟಿ ಮುಂದಿನ ಬಾಗಿಲು ತೆರೆದು ಜಗಲಿಗೆ ಹೋದರು.

ಕುಲೆಗಳ ಕೋಣೆಯಿಂದ ಗಡ್ಡದ ಒಬ್ಬ ಹೊರಗೆ ಬಂದದ್ದನ್ನು ಕಂಡು ಅಮೀನರು ಕೊಡೆ ಬಿಟ್ಟು ಗೇಟಿನವರೆಗೆ ಹಿಂದೆ ಸರಿದರು. ಅವಿನಾಶ "ಅಯ್ಯೋ ಅಮ್ಮಾ" ಎಂದು ಅವರ ಬೆನ್ನಿಗೆ ಅಡಗಿದ. ಒಂದು ವರ್ಷದಿಂದ ಇದೇ ಮನುಷ್ಯನನ್ನು ನಮ್ಮ ಮಂಚದ ಅಡಿಯಲ್ಲಿ ಹುಡುಕಿದ ಶೂರರು ಇವರು.

"ಹೆದರಬೇಡಿ, ಇವನಿಗೆ ಇನ್ನೂ ಆ ಯೋಗ ಬಂದಿಲ್ಲ" ಎಂದರು ಅತ್ತೆ.

ಸುಧೀರ್ ಮಾವ ತಲೆ ಎತ್ತದೆ ಹೇಳಿದರು. "ಮಿಲ್ಲು ಅಕ್ಕನದ್ದು. ಬೀಡಿಯ ಹಣ, ಅವಳ ಸರದ ಹಣ. ಕಾಗದದಲ್ಲಿ ನನ್ನ ಹೆಸರು ಉಂಟು ಅಷ್ಟೇ. ನಾನು ಒಂದು ರೂಪಾಯಿ ಹಾಕಿದ್ದಿಲ್ಲ." ಅದನ್ನೇ ಅಮೀನರು ಬರೆದುಕೊಂಡರು. ಸುಧೀರ್ ಮಾವ ಸಹಿ ಹಾಕಿದರು, ಕಾಗದಕ್ಕೆ ಕೋಳಿಸಾರು ತಾಗಿತು. ಸಾಕ್ಷಿಗೆ ನಾನೂ ಪಿಕಪ್ಪಿನ ಡ್ರೈವರನೂ ಸಹಿ ಹಾಕಿದೆವು. ಅವಿನಾಶ ಹಾರಾಡಿದ. ಸಾಲಗಾರನೇ ಹೀಗೆ ಬರೆದುಕೊಟ್ಟ ಮೇಲೆ ತಾನು ಮುಟ್ಟುವ ಹಾಗಿಲ್ಲ, ಏನಿದ್ದರೂ ಕೋರ್ಟಿನಲ್ಲಿ ಹೇಳಿಕೊಳ್ಳಿ ಎಂದು ಅಮೀನರು ಫೈಲು ಕಟ್ಟಿದರು. ಸುಧೀರ್ ಮಾವನ ಕೈಗೆ ಕೋರ್ಟಿನ ನೋಟೀಸನ್ನೂ ಕೊಟ್ಟರು. ಕನ್ನಡದ್ದೇ.

ಕತ್ತಲಾಗುತ್ತ ಬಂದಿತ್ತು. ಮಿಲ್ಲು ಹೊರಲು ಬಂದ ಪಿಕಪ್ಪಿನಲ್ಲಿ ಮಿಲ್ಲು ಹೋಗಲಿಲ್ಲ. ಕಾಸರಗೋಡಿಗೆ ಬಸ್ಸು ತಡ ಎಂದು ಸುಧೀರ್ ಮಾವನೇ ಅದರ ಹಿಂದೆ ಹತ್ತಿ ಕೂತರು. ಅಂಥ ಹೊತ್ತಿನಲ್ಲೂ ಪುಕ್ಕಟೆ ಸವಾರಿ ಬಿಡುವ ಜನ ಅಲ್ಲ ಅವರು. ಗಾಡಿ ಹೊರಡುವಾಗ ಎದ್ದು ನಿಂತು ಸರಳು ಹಿಡಿದುಕೊಂಡರು.

"ಅಕ್ಕಾ, ಎಲೆ ಹಾಕ್ತಿಯಲ್ಲ?"

ಅತ್ತೆ ಗೇಟು ಹಾಕುತ್ತಿದ್ದರು. ಅಗಳಿ ಎಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ರಸ್ತೆಯ ಕಡೆಗೆ ತಿರುಗಿದರು.

"ಹಾಕ್ತೇನೆ. ನಾನಿಲ್ಲದಿದ್ದರೆ ಇವಳು ಹಾಕ್ತಾಳೆ. ಆದರೆ ಕೋಳಿ ಇಲ್ಲ, ತಿಳ್ಕೊ. ಬರೀ ಗಂಜಿ."